ವಯಸ್ಸಾದ ಮೈಗೆ ನೆನಪಿರುವುದು, ಕಲಿಯಲಾಗದಿರುವುದು

ಮಾಟುಂಗಾ, ಮಾಹಿಮ್, ಡೊಂಬಿವಿಲಿಗಳ ಕನ್ನಡ ಸಂಘಗಳ ಸಮಾರಂಭಕ್ಕೆ ಹೋದವರಿಗೆ ಮೊದಲು ಕಣ್ಣಿಗೆ ಬೀಳುವುದು ಸಭಾಂಗಣದ ತುಂಬ ನರೆತ ತಲೆಗಳು. ಕುಂದಾಪುರ, ಕಾರ್ಕಳ, ಅಂಕೋಲೆಯ ಕಡೆಯಿಂದ ಹದಿಹರೆಯದಲ್ಲೇ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲೋ ಕ್ಯಾಂಟೀನಿನಲ್ಲೋ ದುಡಿದು, ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಅನಂತರ ಬ್ಯಾಂಕು, ರೈಲ್ವೆ, ಗಿರಣಿಗಳಲ್ಲಿ ನೆಲೆ ಕಂಡುಕೊಂಡ ತಲೆಮಾರು ಈಗ ಎಂಬತ್ತರ ಆಚೀಚೆ ಇದೆ. ಕಾರ್ಯಕ್ರಮ ಮುಗಿದು ಚಹಾ ಕುಡಿಯುವಾಗ ಇವರ ಮಾತು ಬಹುಬೇಗ ಕಾಯಿಲೆಯ ಕಡೆಗೆ ಹೊರಳುತ್ತದೆ. ಒಬ್ಬರಿಗೆ ತಿಂಗಳಾದರೂ ಬಿಡದ ಕೆಮ್ಮು, ಇನ್ನೊಬ್ಬರಿಗೆ ಸರ್ಪಸುತ್ತು, ಮತ್ತೊಬ್ಬರ ಮನೆಯಾಕೆ ನ್ಯುಮೋನಿಯಾದಿಂದ ಆಸ್ಪತ್ರೆ ಸೇರಿ ಬಂದವರು. ಎಲ್ಲದಕ್ಕೂ ಕೊನೆಗೆ ಸಿಗುವ ವಿವರಣೆ ಒಂದೇ: ವಯಸ್ಸಾಯಿತು, ರೆಸಿಸ್ಟೆನ್ಸ್ ಪವರ್ ಕಡಿಮೆಯಾಗಿದೆ.

ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತನಾದ ನನಗೆ ಈ ವಿವರಣೆ ಸುಳ್ಳೆನಿಸದಿದ್ದರೂ ಸಾಲದೆನಿಸುತ್ತದೆ. ರೋಗನಿರೋಧಕ ಶಕ್ತಿ ಎಂಬುದು ಒಂದೇ ಅಳತೆಯ ವಸ್ತುವಾಗಿದ್ದು, ಎಪ್ಪತ್ತರ ಹೊತ್ತಿಗೆ ಅರ್ಧ, ಎಂಬತ್ತಕ್ಕೆ ಕಾಲು ಎಂಬ ಲೆಕ್ಕದಲ್ಲಿ ಇಳಿಯುತ್ತಾ ಹೋಗುವುದಾಗಿದ್ದರೆ, ಅದನ್ನು ಟಾನಿಕ್ಕಿನಿಂದ ಏರಿಸಬಹುದು ಎಂಬ ಜಾಹೀರಾತಿನ ತರ್ಕಕ್ಕೂ ಒಂದು ಆಧಾರವಿರುತ್ತಿತ್ತು. ನಿಜದಲ್ಲಿ ಮುಪ್ಪಿನ ದೇಹದಲ್ಲಿ ನಡೆಯುವುದು ಇಳಿಕೆಗಿಂತ ಹೆಚ್ಚಾಗಿ ಒಂದು ವಿಚಿತ್ರವಾದ ಮರುಹಂಚಿಕೆ. ಹಳೆಯ ರೋಗಗಳ ನೆನಪು ಬಹುಮಟ್ಟಿಗೆ ಉಳಿಯುತ್ತದೆ, ಹೊಸ ರೋಗವನ್ನು ಗುರುತು ಹಿಡಿದು ಕಲಿಯುವ ಸಾಮರ್ಥ್ಯ ಕುಗ್ಗುತ್ತದೆ, ಸುಮ್ಮನಿರಬೇಕಾದ ಒಂದು ಭಾಗ ಮಾತ್ರ ಸುಮ್ಮನಿರದೆ ಒಳಗೊಳಗೇ ಉರಿಯತೊಡಗುತ್ತದೆ.

ನೆನಪು ಉಳಿಯುತ್ತದೆ ಎಂಬುದಕ್ಕೆ ಬಹಳ ಹಳೆಯ ಸಾಕ್ಷ್ಯವಿದೆ. ಉತ್ತರ ಅಟ್ಲಾಂಟಿಕಿನ ಫ್ಯಾರೋ ದ್ವೀಪಗಳಿಗೆ 1846ರಲ್ಲಿ ದಡಾರ ಬಂದಾಗ ಅಲ್ಲಿದ್ದ ಸುಮಾರು 7,800 ಜನರಲ್ಲಿ 6,000ದಷ್ಟು ಮಂದಿ ಮಲಗಿದರು. ಅದನ್ನು ಅಧ್ಯಯನ ಮಾಡಲು ಹೋದ ಡೆನ್ಮಾರ್ಕಿನ ತರುಣ ವೈದ್ಯ ಲುಡ್ವಿಗ್ ಪಾನಮ್ ಮುದುಕರನ್ನು ವಿಶೇಷವಾಗಿ ವಿಚಾರಿಸಿದ. ಆ ದ್ವೀಪಗಳಲ್ಲಿ ಹಿಂದೆ ದಡಾರ ಬಂದದ್ದು 1781ರಲ್ಲಿ. ಆಗ ಮಕ್ಕಳಾಗಿದ್ದು ರೋಗ ತಗುಲಿ ಬದುಕಿ ಉಳಿದಿದ್ದವರಲ್ಲಿ ಒಬ್ಬರಿಗೂ ಅರವತ್ತೈದು ವರ್ಷಗಳ ನಂತರ ಅದು ಮರುಕಳಿಸಲಿಲ್ಲ. ಅದೇ ವಯಸ್ಸಿನವರಾಗಿದ್ದು ಬಾಲ್ಯದಲ್ಲಿ ಹೇಗೋ ತಪ್ಪಿಸಿಕೊಂಡಿದ್ದ ಮುದುಕರು ಮಾತ್ರ ಈ ಸಲ ರೋಗಕ್ಕೆ ತುತ್ತಾದರು. ಇಬ್ಬರದೂ ಒಂದೇ ಮುಪ್ಪು, ಒಂದೇ ಊರು. ವ್ಯತ್ಯಾಸವಿದ್ದದ್ದು ಮೈಯ ನೆನಪಿನಲ್ಲಿ. ಇತ್ತೀಚಿನ ಉದಾಹರಣೆಯೂ ಇದೆ. 1918ರ ಇನ್‌ಫ್ಲುಯೆಂಜಾ ಮಹಾಮಾರಿಯನ್ನು ಕಂಡು ಬದುಕಿದ್ದ, 91ರಿಂದ 101 ವರ್ಷ ವಯಸ್ಸಿನ 32 ಮಂದಿಯ ರಕ್ತವನ್ನು ಅಮೆರಿಕದ ವಿಜ್ಞಾನಿಗಳು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಆ ವೈರಸ್ಸಿನ ವಿರುದ್ಧದ ಪ್ರತಿಕಾಯಗಳು, ಎಂದರೆ ರೋಗಾಣುವನ್ನು ತಡೆಯಲು ದೇಹ ತಯಾರಿಸುವ ಪ್ರೋಟೀನುಗಳು, ಅವರೆಲ್ಲರಲ್ಲೂ ಇನ್ನೂ ಇದ್ದವು.

ಇದನ್ನು ನಾವು ಇಲ್ಲಿಯೇ ಕಂಡಿದ್ದೇವೆ, ಆದರೆ ಹೀಗೆ ನೋಡಿಲ್ಲ. 2009ರ ಎಚ್1ಎನ್1 ಜ್ವರದಿಂದ ಭಾರತದಲ್ಲಿ ಮೊದಲ ಸಾವು ಆದದ್ದು ಪುಣೆಯಲ್ಲಿ, ಆಗಸ್ಟ್ ತಿಂಗಳಲ್ಲಿ, ಒಬ್ಬ ಶಾಲಾ ಬಾಲಕಿಯದು. ಆ ವರ್ಷ ಜಗತ್ತಿನ ಹೆಚ್ಚಿನ ಕಡೆ ವೃದ್ಧರಿಗಿಂತ ಎಳೆಯರಿಗೇ ಸೋಂಕು ಹೆಚ್ಚಾಗಿ ತಗುಲಿತು. ಅಮೆರಿಕದ ಪರೀಕ್ಷೆಗಳಲ್ಲಿ ಅರವತ್ತು ದಾಟಿದವರ ಪೈಕಿ ಸುಮಾರು ಮೂರರಲ್ಲೊಬ್ಬರ ರಕ್ತದಲ್ಲಿ ಆ ವೈರಸ್ಸನ್ನು ತಡೆಯಬಲ್ಲ ಪ್ರತಿಕಾಯಗಳು ಮೊದಲೇ ಇದ್ದವು, ಏಕೆಂದರೆ ಅದನ್ನು ಹೋಲುವ ತಳಿಗಳು ಅವರ ಬಾಲ್ಯದಲ್ಲಿ ಓಡಾಡಿಕೊಂಡಿದ್ದವು. ಹನ್ನೊಂದು ವರ್ಷ ಕಳೆದು 2020ರಲ್ಲಿ ಬಂದ ಕೊರೊನಾ ವೈರಸ್ಸನ್ನು ಯಾರ ಮೈಯೂ ಹಿಂದೆ ಕಂಡಿರಲಿಲ್ಲ. ಆಗ ಎಳೆಯರೂ ಮುದುಕರೂ ಒಂದೇ ಪಾಠವನ್ನು ಮೊದಲಿನಿಂದ ಕಲಿಯಬೇಕಾಗಿ ಬಂದು, ಧಾರಾವಿಯಿಂದ ದಹಿಸರದವರೆಗೆ ಹಿರಿಯರೇ ಹೆಚ್ಚಾಗಿ ಹೋದರು. 2009ಕ್ಕೂ 2020ಕ್ಕೂ ನಡುವಿನ ಈ ವ್ಯತ್ಯಾಸ ನನಗೆ ಯಾವ ಪಠ್ಯಪುಸ್ತಕಕ್ಕಿಂತಲೂ ಸ್ಪಷ್ಟವಾಗಿ ಕಾಣುತ್ತದೆ.

ಕಲಿಯುವ ಶಕ್ತಿ ಕುಗ್ಗುವುದೇಕೆ? ಎದೆಮೂಳೆಯ ಹಿಂದೆ, ಹೃದಯದ ಮೇಲ್ತುದಿಗೆ ಅಂಟಿಕೊಂಡಂತೆ ಥೈಮಸ್ ಎಂಬ ಗ್ರಂಥಿಯಿದೆ. ಇದು ಏನು ಮಾಡುತ್ತದೆಂಬುದು 1961ರಲ್ಲಿ ಜ್ಯಾಕ್ ಮಿಲ್ಲರ್ ಲಂಡನ್ನಿನಲ್ಲಿ ನವಜಾತ ಇಲಿಗಳ ಮೇಲೆ ಪ್ರಯೋಗ ಮಾಡಿ ತೋರಿಸುವವರೆಗೆ ಗೊತ್ತಿರಲಿಲ್ಲ. ಅಲ್ಲಿಯವರೆಗೆ ಅದು ಕೆಲಸಕ್ಕೆ ಬಾರದ ಅಂಗವೆಂದೇ ಅನೇಕರು ನಂಬಿದ್ದರು. ಮೂಳೆಯ ಮಜ್ಜೆಯಲ್ಲಿ ಹುಟ್ಟಿದ ಎಳೆಯ ಕೋಶಗಳು ಇಲ್ಲಿಗೆ ಬಂದು ಟಿ ಕೋಶಗಳೆಂಬ, ರೋಗಾಣುವಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳಾಗಿ ಬೆಳೆಯುತ್ತವೆ. ಪ್ರತಿಯೊಂದರ ಮೈಮೇಲೂ ರೋಗಾಣುವನ್ನು ಗುರುತು ಹಿಡಿಯುವ ಕೊಂಡಿಯಂಥ, ಬೇರೆಯೇ ಆಕಾರದ ಒಂದು ಗ್ರಾಹಕ (ರಿಸೆಪ್ಟರ್) ರೂಪುಗೊಳ್ಳುತ್ತದೆ, ಎಂದರೆ ಇನ್ನೂ ಭೂಮಿಗೆ ಬಾರದ ರೋಗಾಣುವನ್ನೂ ಗುರುತಿಸಬಲ್ಲ ಕೋಶವೊಂದು ಆಕಸ್ಮಿಕವಾಗಿ ತಯಾರಾಗಿರಬಹುದು. ದೇಹದ ಸ್ವಂತ ಅಂಗಾಂಶದ ಮೇಲೆಯೇ ಎರಗುವಂಥವನ್ನೂ ಏನನ್ನೂ ಗುರುತಿಸಲಾರದವನ್ನೂ ಅಲ್ಲಿಯೇ ಕೊನೆಗಾಣಿಸಲಾಗುತ್ತದೆ. ನೂರರಲ್ಲಿ ತೊಂಬತ್ತೈದಕ್ಕೂ ಹೆಚ್ಚು ಕೋಶಗಳು ಹೊರಗೆ ಬರುವುದೇ ಇಲ್ಲ. ಇಷ್ಟು ಕಟ್ಟುನಿಟ್ಟಾಗಿ ಕೆಲಸ ಮಾಡುವ ಈ ಗ್ರಂಥಿ ಹರೆಯದಿಂದಲೇ ಎದ್ದು ಕಾಣುವಂತೆ ಸೊರಗತೊಡಗಿ, ಎಪ್ಪತ್ತರ ಹೊತ್ತಿಗೆ ಅದರ ಬಹುಪಾಲು ಬರಿಯ ಕೊಬ್ಬಾಗಿರುತ್ತದೆ. ಹೊಸ ಟಿ ಕೋಶಗಳ ಪೂರೈಕೆ ನಿಲ್ಲುವಷ್ಟು ಕಡಿಮೆಯಾಗುತ್ತದೆ. ಮೊದಲಿನಿಂದ ಇದ್ದವೇ ರಕ್ತದಲ್ಲಿ ಇಬ್ಭಾಗವಾಗುತ್ತಾ ಸಂಖ್ಯೆಯನ್ನು ಹೇಗೋ ಕಾಪಾಡಿಕೊಂಡರೂ ಅವುಗಳ ವೈವಿಧ್ಯ ಕಡಿಮೆಯಾಗುತ್ತಾ ಹೋಗುತ್ತದೆ.

ಮುಪ್ಪಿಗೆ ಮೊದಲೇ ಸೊರಗುವ ಅಂಗವಾದ್ದರಿಂದ ದೊಡ್ಡವರಲ್ಲಿ ಅದು ಇದ್ದರೂ ಒಂದೇ, ತೆಗೆದರೂ ಒಂದೇ ಎಂದು ಹೃದಯದ ಶಸ್ತ್ರಚಿಕಿತ್ಸೆ ಮಾಡುವವರು ಬಹುಕಾಲ ಭಾವಿಸಿದ್ದರು. 2023ರಲ್ಲಿ ಬಾಸ್ಟನ್ನಿನ ವೈದ್ಯರು ಪ್ರಕಟಿಸಿದ ಅಧ್ಯಯನ ಆ ನಂಬಿಕೆಯನ್ನು ಅಲುಗಾಡಿಸಿತು: ಎದೆಯ ಶಸ್ತ್ರಚಿಕಿತ್ಸೆಯ ಜೊತೆ ಥೈಮಸ್ ತೆಗೆಸಿಕೊಂಡ ವಯಸ್ಕರಲ್ಲಿ ಐದು ವರ್ಷಗಳೊಳಗೆ ಸತ್ತವರು 8.1%, ತೆಗೆಸಿಕೊಳ್ಳದವರಲ್ಲಿ 2.8%, ಕ್ಯಾನ್ಸರ್ ಕಾಣಿಸಿಕೊಂಡವರ ಪ್ರಮಾಣವೂ ಸುಮಾರು ಇಮ್ಮಡಿ. ಉಳಿದಷ್ಟು ಚೂರೂ ಕೆಲಸ ಮಾಡುತ್ತಲೇ ಇರುತ್ತದೆ ಎಂದಾಯಿತು.

ಇನ್ನೊಂದು ಕಾರಣ ಸೈಟೊಮೆಗಲೊವೈರಸ್. ಹೆಸರು ಅಪರಿಚಿತವಾದರೂ ಭಾರತದ ವಯಸ್ಕರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿಯ ಮೈಯಲ್ಲಿ ಇದು ಬಾಲ್ಯದಿಂದಲೇ ಸದ್ದಿಲ್ಲದೆ ನೆಲೆಸಿದೆ. ಕಾಯಿಲೆ ತರುವುದು ಅಪರೂಪ, ಆದರೆ ಅದನ್ನು ಹತೋಟಿಯಲ್ಲಿಡಲು ನೆನಪಿನ ಟಿ ಕೋಶಗಳಲ್ಲಿ ಸರಾಸರಿ ಹತ್ತರಲ್ಲೊಂದು ಪಾಲು ಮೀಸಲಾಗಿಬಿಡುತ್ತದೆ, ಕೆಲವು ವೃದ್ಧರಲ್ಲಿ ಅದಕ್ಕಿಂತ ಬಹಳ ಹೆಚ್ಚು. ಡೊಂಬಿವಿಲಿಯಲ್ಲಿಯೇ ತುಂಬಿ ಹೊರಟ ಬೆಳಗಿನ ಫಾಸ್ಟ್ ಲೋಕಲ್ ಠಾಣೆಯಲ್ಲಿ ನಿಂತಾಗ ಬಾಗಿಲ ಬಳಿ ಕಾದವರಿಗೆ ಕಾಲಿಡಲೂ ಎಡೆಯಿರದಂತೆ, ಒಂದೇ ಹಳೆಯ ವೈರಸ್ಸಿನ ಕಾವಲುಗಾರರು ಡಬ್ಬಿ ತುಂಬಿದ ಮೇಲೆ ಹೊಸಬರಿಗೆ ಸಿಗುವ ಜಾಗ ಕಡಿಮೆ. ಇದರಿಂದ ಎಷ್ಟು ಹಾನಿ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ, ಆದರೂ ನೂರಕ್ಕೆ ತೊಂಬತ್ತು ಮಂದಿ ಈ ವೈರಸ್ಸನ್ನು ಹೊತ್ತ ದೇಶದಲ್ಲಿ ಆ ಚರ್ಚೆ ಹೊರಗಿನವರ ಚರ್ಚೆಯಂತೂ ಅಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಹಳೆಯ ನೆನಪೆಲ್ಲ ಭದ್ರವಾಗಿದೆ ಎಂಬ ಭಾವನೆ ಉಳಿಯುತ್ತದೆ. ಅದು ಪೂರ್ತಿ ಸರಿಯಲ್ಲ. ರಕ್ತದಲ್ಲಿ ತೇಲುವ ಪ್ರತಿಕಾಯಗಳ ನೆನಪು ದೀರ್ಘ, ಆದರೆ ಮೈಯೊಳಗೇ ಅಡಗಿರುವ ವೈರಿಯನ್ನು ಕಾಯುವ ಟಿ ಕೋಶಗಳ ಕಾವಲು ವಯಸ್ಸಿನೊಂದಿಗೆ ಸಡಿಲವಾಗುತ್ತದೆ. ಸರ್ಪಸುತ್ತು ಬರುವುದು ಹೀಗೆ. ಚಿಕ್ಕಂದಿನಲ್ಲಿ ಸಿಡುಬೆಂದೋ ಕೋಟಲೆಯೆಂದೋ ಕರೆದು ಬೇವಿನ ಸೊಪ್ಪಿನ ಮೇಲೆ ಮಲಗಿಸಿದ ಆ ಚಿಕನ್‌ಪಾಕ್ಸ್ ವಾಸಿಯಾದ ಮೇಲೂ ಅದರ ವೈರಸ್ಸು ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ದಶಕಗಳ ಕಾಲ ನಿದ್ರಿಸುತ್ತದೆ. ಐವತ್ತರ ನಂತರ, ಟಿ ಕೋಶಗಳ ಒತ್ತಡ ತಗ್ಗಿದಾಗ, ಒಂದು ನರದ ಗುಂಟ ಚರ್ಮಕ್ಕೆ ಇಳಿದು ಬೊಕ್ಕೆಗಳಾಗುತ್ತದೆ. ಅದು ಬಹುತೇಕ ಒಂದೇ ಪಕ್ಕದಲ್ಲಿ ಪಟ್ಟಿಯಂತೆ ಬರುವುದಕ್ಕೆ ಕಾರಣ, ಒಂದೊಂದು ನರದ ಹರವು ಮೈಯ ನಡುಗೆರೆಯವರೆಗೆ ಮಾತ್ರ ಇರುವುದು. ಸರ್ಪದ ತಲೆಯೂ ಬಾಲವೂ ಕೂಡಿದರೆ ಆಯುಸ್ಸು ಮುಗಿಯಿತೆಂದು ನಮ್ಮ ಕರಾವಳಿಯಲ್ಲಿ ಹೇಳುವುದನ್ನು ಕೇಳಿ ಬೆಳೆದವರು ಮುಂಬಯಿಯಲ್ಲಿಯೂ ಮೊದಲು ಊರಿಗೆ ಫೋನು ಮಾಡಿ ಸುಬ್ರಹ್ಮಣ್ಯನಿಗೆ ಹರಕೆ ಹೊರುತ್ತಾರೆ, ಕೆಮ್ಮಣ್ಣು ಹಚ್ಚುತ್ತಾರೆ. ಹರಕೆಯ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಅದಕ್ಕೆ ಹೋಗುವ ಸಮಯದ ಬಗ್ಗೆ, ಏಕೆಂದರೆ ವೈರಸ್ ನಿರೋಧಕ ಮಾತ್ರೆ ಹೆಚ್ಚು ಫಲ ಕೊಡುವುದು ಬೊಕ್ಕೆ ಎದ್ದ ಮೊದಲ 72 ಗಂಟೆಗಳೊಳಗೆ ಶುರು ಮಾಡಿದರೆ. ತಡವಾದರೆ ಹುಣ್ಣು ಮಾಯ್ದ ಮೇಲೂ ಬಟ್ಟೆ ತಾಗಿದರೂ ಉರಿಯುವ ನರದ ನೋವು ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಉಳಿಯುವ ಅಪಾಯವಿದೆ, ವಯಸ್ಸು ಹೆಚ್ಚಿದಷ್ಟೂ ಹೆಚ್ಚು.

ಕ್ಷಯವೂ ಹೀಗೆಯೇ ಅಡಗಿ ಕಾಯುತ್ತದೆ. ಹೋಟೆಲಿನ ಅಟ್ಟದ ಮೇಲೆ ಹತ್ತಾರು ಮಂದಿ ಸಾಲಾಗಿ ಮಲಗಿ, ಬಟ್ಟೆ ಗಿರಣಿಗಳ ಪ್ರದೇಶವಾದ ಗಿರಣಗಾಂವದ ಚಾಳುಗಳಲ್ಲಿ ಒಂದೇ ಕೋಣೆ ಹಂಚಿಕೊಂಡು ಬದುಕಿದವರ ಶ್ವಾಸಕೋಶದಲ್ಲಿ ಆಗ ಸೇರಿದ ಕೀಟಾಣು ಐವತ್ತು ವರ್ಷ ಸುಮ್ಮನಿದ್ದು, ಸಕ್ಕರೆ ಕಾಯಿಲೆಯೋ ಸ್ಟೆರಾಯ್ಡ್ ಮಾತ್ರೆಯೋ ಬರಿಯ ವಯಸ್ಸೋ ನೆಪವಾಗಿ ಏಳಬಹುದು. 2019–21ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಹದಿನೈದು ದಾಟಿದವರ ಪೈಕಿ ಲಕ್ಷಕ್ಕೆ 316 ಮಂದಿಯಲ್ಲಿ ಶ್ವಾಸಕೋಶದ ಕ್ಷಯ ಕಂಡುಬಂತು. ಐವತ್ತೈದು ದಾಟಿದವರಲ್ಲಿ ಪ್ರಮಾಣ ಇದಕ್ಕಿಂತಲೂ ಹೆಚ್ಚಿತ್ತು.

ಇನ್ನು ಒಳಗಿನ ಉರಿಯ ವಿಷಯ. ಇಟಲಿಯ ಕ್ಲಾಡಿಯೊ ಫ್ರಾನ್ಸೆಸ್ಕಿ 2000ನೆಯ ಇಸವಿಯಲ್ಲಿ ಒಂದು ವಿಚಾರ ಮಂಡಿಸಿದರು: ವಯಸ್ಸಾದವರ ರಕ್ತದಲ್ಲಿ ಯಾವ ಸೋಂಕೂ ಇಲ್ಲದಿರುವಾಗಲೂ ಉರಿಯೂತದ ಸಂಕೇತವಸ್ತುಗಳು ತುಸು ಹೆಚ್ಚಿದ ಮಟ್ಟದಲ್ಲಿ ಸದಾ ಇರುತ್ತವೆ, ಮುಪ್ಪಿನ ಅನೇಕ ಕಾಯಿಲೆಗಳ ಬೇರು ಅಲ್ಲಿದೆ. ಇಂಟರ್‌ಲ್ಯೂಕಿನ್-6, ಸಿಆರ್‌ಪಿ ಮುಂತಾದ ಈ ವಸ್ತುಗಳ ಮೂಲ ಹಲವು: ಇಬ್ಭಾಗವಾಗುವುದನ್ನು ನಿಲ್ಲಿಸಿಯೂ ಸಾಯದೆ ಉಳಿದು ಸುತ್ತಲಿನ ಅಂಗಾಂಶವನ್ನು ಕೆರಳಿಸುವ ಮುದಿ ಕೋಶಗಳು, ಹೊಟ್ಟೆಯೊಳಗಿನ ಕೊಬ್ಬು, ಕೆಟ್ಟ ಒಸಡು. ಎಪ್ಪತ್ತು ದಾಟಿದವರಲ್ಲಿ ಹತ್ತರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಯ ಮಜ್ಜೆಯಲ್ಲಿ, ರೂಪಾಂತರ ಹೊಂದಿದ ಒಂದೇ ಮೂಲಕೋಶದ ಸಂತತಿ ಹೆಚ್ಚಾಗಿ ಬೆಳೆದು ಕೆರಳು ಸ್ವಭಾವದ ಬಿಳಿ ರಕ್ತಕಣಗಳನ್ನು ಹುಟ್ಟಿಸುತ್ತಿರುವುದೂ ಕಂಡುಬಂದಿದೆ. ರಕ್ತನಾಳದ ಗೋಡೆಗಳು ಈ ಕಿರಿಕಿರಿಯನ್ನು ಸಹಿಸಲಾರವು. ಅದಕ್ಕೇ ಮುದುಕರಿಗೆ ಫ್ಲೂ ಬಂದರೆ ಪುಪ್ಪುಸದಲ್ಲಿ ಮಾತ್ರ ನಿಲ್ಲುವುದಿಲ್ಲ. ಕೆನಡಾದ ವೈದ್ಯರು 2018ರಲ್ಲಿ ಲೆಕ್ಕ ಹಾಕಿದಂತೆ, ಇನ್‌ಫ್ಲುಯೆಂಜಾ ಖಚಿತವಾದ ಮೊದಲ ವಾರದಲ್ಲಿ ಹೃದಯಾಘಾತದ ಸಂಭವ ಆರು ಪಟ್ಟು ಏರುತ್ತದೆ.

ಹಾಗಾದರೆ ಉರಿಯನ್ನು ನಂದಿಸಿಬಿಡಬಾರದೇ ಎಂದು ಕೇಳಬಹುದು. ಅದನ್ನೂ ಪರೀಕ್ಷಿಸಿದ್ದಾರೆ. ಹೃದಯಾಘಾತವಾಗಿದ್ದ ಹತ್ತು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದು 2017ರಲ್ಲಿ ಫಲಿತಾಂಶ ಪ್ರಕಟವಾದ ಕ್ಯಾಂಟೋಸ್ ಎಂಬ ಪ್ರಯೋಗದಲ್ಲಿ, ಉರಿಯೂತದ ಒಂದು ಸಂಕೇತವನ್ನು ತಡೆಯುವ ಔಷಧ ಕೊಟ್ಟಾಗ ಕೊಲೆಸ್ಟೆರಾಲ್ ಸ್ವಲ್ಪವೂ ಇಳಿಯದಿದ್ದರೂ ಹೃದಯಾಘಾತ, ಪಾರ್ಶ್ವವಾಯು ಮತ್ತು ಹೃದ್ರೋಗದ ಸಾವುಗಳು ಒಟ್ಟಾಗಿ 15% ಕಡಿಮೆಯಾದವು. ಆದರೆ ಸೋಂಕಿನಿಂದಾದ ಸಾವುಗಳು ಹೆಚ್ಚಿದವು. ಒಂದು ಕಡೆ ಮೇಲೇರಿಸಿದರೆ ಇನ್ನೊಂದು ಕಡೆ ಕೆಳಗಿಳಿಯುವ ಈ ವ್ಯವಸ್ಥೆಗೆ ಬೂಸ್ಟರ್ ಎಂಬ ಹೆಸರಿನ ಡಬ್ಬಿ ಮಾರುವವರನ್ನು ಕಂಡರೆ ನನಗೆ ಸಿಟ್ಟು ಬರುವುದು ಇದಕ್ಕಾಗಿ. ಎಪ್ಪತ್ತು ದಾಟಿದ ಆರೋಗ್ಯವಂತರಲ್ಲಿ ನೂರಕ್ಕೆ ಸುಮಾರು ನಾಲ್ವರ ರಕ್ತದಲ್ಲಿ ತಮ್ಮದೇ ಇಂಟರ್‌ಫೆರಾನನ್ನು, ಎಂದರೆ ವೈರಸ್ಸಿನ ವಿರುದ್ಧದ ಮೊದಲ ಎಚ್ಚರಿಕೆಯ ವಸ್ತುವನ್ನೇ, ಹಾಳುಗೆಡಹುವ ಪ್ರತಿಕಾಯಗಳಿರುತ್ತವೆ. ಕೋವಿಡ್ ಸಾವುಗಳಲ್ಲಿ ಐದರಲ್ಲೊಂದರ ಹಿಂದೆ ಇವು ಇದ್ದವೆಂದು 2021ರ ಅಂತರರಾಷ್ಟ್ರೀಯ ಅಧ್ಯಯನವೊಂದು ತೋರಿಸಿತು. ಅಂಥವರಲ್ಲಿ ಏನನ್ನು ಹೆಚ್ಚಿಸಬೇಕು? 2020ರ ಕೊನೆಯ ತಿಂಗಳುಗಳಲ್ಲಿ ಅಮೃತಬಳ್ಳಿಯ ಕಷಾಯವನ್ನು ದಿನವೂ ಕುಡಿದ ಆರು ಮಂದಿಯಲ್ಲಿ ಯಕೃತ್ತಿಗೆ ಪೆಟ್ಟಾದುದನ್ನು, ಅದರ ಲಕ್ಷಣ ಸ್ವಂತ ಯಕೃತ್ತಿನ ಮೇಲೆ ರೋಗನಿರೋಧಕ ವ್ಯವಸ್ಥೆಯೇ ಎರಗುವ ಬಗೆಯದಾಗಿದ್ದುದನ್ನು ಮುಂಬಯಿಯ ವೈದ್ಯರೇ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಸಕ್ಕರೆ, ಥೈರಾಯ್ಡ್ ಇರುವ ಎಪ್ಪತ್ತೈದರ ಅಜ್ಜಿಗೆ ದಿನಕ್ಕೆರಡು ಲೋಟ ಕುಡಿಸುವ ಮುನ್ನ ನಾನಾದರೆ ವೈದ್ಯರನ್ನು ಕೇಳುತ್ತೇನೆ.

ಮನೆಯಲ್ಲಿ ಹಿರಿಯರಿರುವವರು ಇದಕ್ಕಿಂತ ಮುಖ್ಯವಾಗಿ ತಿಳಿದಿರಬೇಕಾದ ಸಂಗತಿ ಒಂದಿದೆ: ಜ್ವರವಿಲ್ಲ ಎಂಬುದು ಸೋಂಕಿಲ್ಲ ಎಂಬುದಕ್ಕೆ ಸಾಕ್ಷಿಯಲ್ಲ. ಗಂಭೀರ ಸೋಂಕಿರುವ ವೃದ್ಧರಲ್ಲಿ ನೂರಕ್ಕೆ ಇಪ್ಪತ್ತರಿಂದ ಮೂವತ್ತು ಮಂದಿಗೆ ಜ್ವರ ಏರುವುದೇ ಇಲ್ಲ, ಅಥವಾ ಥರ್ಮಾಮೀಟರಿನಲ್ಲಿ ಕಾಣುವಷ್ಟು ಏರುವುದಿಲ್ಲ. ಕೆಮ್ಮು ಕೂಡ ದುರ್ಬಲ. ಬದಲಿಗೆ ಕಾಣುವುದು ಇದ್ದಕ್ಕಿದ್ದಂತೆ ಹೆಚ್ಚಿದ ಗೊಂದಲ, ಊಟ ಸೇರದಿರುವುದು, ಹಾಸಿಗೆ ಬಿಟ್ಟು ಏಳಲು ಮನಸ್ಸಿಲ್ಲದಿರುವುದು, ಕಾರಣವಿಲ್ಲದೆ ಬೀಳುವುದು. ನಮ್ಮ ಕಟ್ಟಡದಲ್ಲಿ ಒಬ್ಬ ಹಿರಿಯರು, ಫೋರ್ಟಿನ ಕ್ಯಾಂಟೀನೊಂದರಲ್ಲಿ ಆಯುಷ್ಯ ಕಳೆದವರು, ಎರಡು ದಿನ ಗಂಜಿಯನ್ನೂ ಒಲ್ಲದೆ ಮೂರನೆಯ ದಿನ ಬಚ್ಚಲಲ್ಲಿ ಬಿದ್ದರು. ಸೊಂಟದ ಮೂಳೆ ಮುರಿದಿರಬಹುದೆಂದು ಒಯ್ದಲ್ಲಿ, ಮೂಳೆ ಸರಿಯಿದ್ದು ಎದೆಯ ಎಕ್ಸ್-ರೇಯಲ್ಲಿ ನ್ಯುಮೋನಿಯಾ ಸಿಕ್ಕಿತು. ಬೀಳುವ ಹೊತ್ತಿಗೆ ಮೈ ತಣ್ಣಗೆ ಇತ್ತು. ಅವರು ಈಗ ಚೆನ್ನಾಗಿದ್ದಾರೆ, ಐದು ಉದ್ಯಾನಗಳ ಸುತ್ತ ನಡೆಯುವುದನ್ನೂ ಮತ್ತೆ ಶುರು ಮಾಡಿದ್ದಾರೆ.

ಆ ನಡಿಗೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ದಶಕಗಳಿಂದ ದೂರದೂರ ಸೈಕಲ್ ತುಳಿಯುತ್ತಾ ಬಂದ 55ರಿಂದ 79 ವರ್ಷದ 125 ಮಂದಿಯನ್ನು ಬ್ರಿಟನ್ನಿನಲ್ಲಿ ಪರೀಕ್ಷಿಸಿದಾಗ, ಅವರ ಥೈಮಸ್ ಹೊರಬಿಡುತ್ತಿದ್ದ ಹೊಸ ಟಿ ಕೋಶಗಳ ಪ್ರಮಾಣ ತರುಣರದಕ್ಕೆ ಸಮೀಪವಿತ್ತೆಂದು 2018ರಲ್ಲಿ ವರದಿಯಾಗಿದೆ. ಎಂಬತ್ತಕ್ಕೆ ಸೈಕಲ್ ಹತ್ತಿಸಲು ಯಾರೂ ಹೇಳುತ್ತಿಲ್ಲ, ಆದರೆ ಮಾಂಸಖಂಡಕ್ಕೂ ರೋಗನಿರೋಧಕ ಶಕ್ತಿಗೂ ನಂಟಿದೆ ಎಂಬುದು ಈಗ ಊಹೆಯ ಮಾತಲ್ಲ.

ಲಸಿಕೆಯ ವಿಷಯದಲ್ಲಿ ಈ ಊರಿಗೆ ಹೆಮ್ಮೆಪಡುವ ಇತಿಹಾಸವಿದೆ. ಪ್ಲೇಗು ಮಾಂಡ್ವಿಯಲ್ಲಿ ಕಾಣಿಸಿಕೊಂಡ ಮರುವರ್ಷವೇ, 1897ರ ಜನವರಿ 10ರಂದು, ವಾಲ್ಡೆಮಾರ್ ಹಾಫ್‌ಕಿನ್ ತಾನೇ ತಯಾರಿಸಿದ ಲಸಿಕೆಯನ್ನು ಮೊದಲು ತನ್ನ ಮೈಗೆ ಚುಚ್ಚಿಸಿಕೊಂಡದ್ದು ಇಲ್ಲಿಯೇ. ಆ ಲಸಿಕೆ ದೊಡ್ಡವರಿಗೂ ಸಲ್ಲುತ್ತಿತ್ತು. ಇಂದು ಲಸಿಕೆಯೆಂದರೆ ಮಕ್ಕಳದೆಂಬ ಭಾವನೆ ಎಷ್ಟು ಬೇರೂರಿದೆಯೆಂದರೆ, 2021ರ ಮಾರ್ಚ್ 1ರಿಂದ ಅರವತ್ತು ದಾಟಿದವರಿಗೆ ಕೋವಿಡ್ ಲಸಿಕೆ ಕೊಡತೊಡಗಿದಾಗ ಬಿಸಿಲಲ್ಲಿ ಸಾಲು ನಿಂತವರೇ ಫ್ಲೂ, ನ್ಯುಮೋನಿಯಾ ತರುವ ನ್ಯುಮೋಕಾಕಸ್, ಸರ್ಪಸುತ್ತಿನ ಲಸಿಕೆಗಳ ಹೆಸರು ಕೇಳಿದರೆ ಈ ವಯಸ್ಸಿನಲ್ಲಿ ಯಾಕೆ ಎನ್ನುತ್ತಾರೆ. ಕಲಿಯುವ ಶಕ್ತಿ ಕುಗ್ಗಿದ ಮೈಗೆ ಲಸಿಕೆಯೂ ಕಡಿಮೆ ಕಲಿಸುತ್ತದೆ ಎಂಬುದು ನಿಜ. ಸರ್ಪಸುತ್ತಿನ ಮೊದಲ ಲಸಿಕೆ ಎಪ್ಪತ್ತು ದಾಟಿದವರಲ್ಲಿ ರಕ್ಷಣೆ ಕೊಟ್ಟದ್ದು 38% ಮಾತ್ರ. ಆದರೆ ಲಸಿಕೆ ಮಾಡುವವರು ಅಲ್ಲಿಗೆ ಬಿಡಲಿಲ್ಲ. ಚಿಲಿ ದೇಶದ ಸಾಬೂನು ತೊಗಟೆಯ ಮರದಿಂದ ತೆಗೆದ ಉತ್ತೇಜಕವನ್ನು ಬೆರೆಸಿ ತಯಾರಿಸಿದ ಹೊಸ ಲಸಿಕೆ ಅದೇ ವಯಸ್ಸಿನವರಲ್ಲಿ ಸುಮಾರು 90% ರಕ್ಷಣೆ ಕೊಟ್ಟಿತು. 2023ರಿಂದ ಅದು ಭಾರತದಲ್ಲಿಯೂ ದೊರೆಯುತ್ತಿದೆ, ಎರಡು ಡೋಸು, ಬೆಲೆ ಮಾತ್ರ ಪಿಂಚಣಿದಾರರಿಗೆ ಭಾರ. ಅರವತ್ತೈದು ದಾಟಿದವರಿಗೆಂದೇ ನಾಲ್ಕು ಪಟ್ಟು ಪ್ರಮಾಣದ ಫ್ಲೂ ಲಸಿಕೆ ಬೇರೆ ದೇಶಗಳಲ್ಲಿ ಬಳಕೆಯಲ್ಲಿದೆ, ಸಾಮಾನ್ಯ ಲಸಿಕೆಗಿಂತ 24% ಹೆಚ್ಚು ಫಲಕಾರಿ. ನಮ್ಮ ಸಂಘಗಳ ಆರೋಗ್ಯ ಶಿಬಿರಗಳಲ್ಲಿ ಸಕ್ಕರೆ, ಬಿಪಿ, ಕಣ್ಣು ನೋಡುತ್ತಾರೆ. ಹಿರಿಯರ ಲಸಿಕೆಯ ಮೇಜೊಂದನ್ನು ನಾನು ಇದುವರೆಗೆ ಕಂಡಿಲ್ಲ.

ಜಪಾನಿನವರು ಇನ್ನೊಂದು ದಾರಿಯನ್ನು, ಅದೂ ತಿಳಿಯದೆಯೇ, ಕಂಡುಕೊಂಡಿದ್ದರು. ಅಲ್ಲಿ 1960ರ ದಶಕದಿಂದ 80ರ ದಶಕದವರೆಗೆ ಶಾಲಾ ಮಕ್ಕಳಿಗೆಲ್ಲ ಫ್ಲೂ ಲಸಿಕೆ ಹಾಕುತ್ತಿದ್ದರು. ಮಕ್ಕಳಿಗೆ ದೊಡ್ಡ ಲಾಭ ಕಾಣದೆಂದು 1987ರಲ್ಲಿ ಕಾನೂನು ಸಡಿಲಿಸಿ, 1994ರ ಹೊತ್ತಿಗೆ ಕೈಬಿಟ್ಟ ಮೇಲೆ ಚಳಿಗಾಲದ ಸಾವುಗಳು ಮತ್ತೆ ಏರಿದವು. 2001ರಲ್ಲಿ ಲೆಕ್ಕ ಹಾಕಿ ನೋಡಿದಾಗ, ಲಸಿಕೆ ಪಡೆದ ಸುಮಾರು 420 ಮಕ್ಕಳಿಗೆ ಒಂದರಂತೆ ಸಾವು ತಪ್ಪುತ್ತಿತ್ತು, ತಪ್ಪಿದ್ದು ಬಹುಪಾಲು ಅಜ್ಜ ಅಜ್ಜಿಯರದು. ಮೂರು ತಲೆಮಾರು ಒಂದೇ ಹಾಲಿನಲ್ಲಿ ಮಲಗುವ, ಅಪ್ಪ ಅಮ್ಮ ಲೋಕಲ್ ಹಿಡಿದು ಹೋದ ಮೇಲೆ ಮೊಮ್ಮಕ್ಕಳಿಗೆ ಉಣಿಸಿ ಮಲಗಿಸುವುದು ಅಜ್ಜಿಯ ಪಾಲಿಗೇ ಬರುವ ನಮ್ಮ ಮನೆಗಳಿಗೆ ಈ ಲೆಕ್ಕ ಟೋಕಿಯೊಗಿಂತ ಹೆಚ್ಚು ಹೊಂದುತ್ತದೆ. ಮುಂಬಯಿಯಲ್ಲಿ ಫ್ಲೂ ಹೆಚ್ಚುವುದು ಮಳೆಗಾಲದಲ್ಲಿ, ಶಾಲೆ ತೆರೆದ ಕೆಲವೇ ವಾರಗಳಲ್ಲಿ. ಹಾಗಾಗಿ ಮಗುವಿನ ವೈದ್ಯರ ಬಳಿ ಮೇ ತಿಂಗಳಲ್ಲಿ ಹೋದಾಗ ಮಗುವಿಗೂ ಅಜ್ಜಿಗೂ ಒಟ್ಟಿಗೇ ಫ್ಲೂ ಲಸಿಕೆ ಕೇಳುವುದು ಸರಿಯಾದ ಸಮಯ.